ನೆರಳಿನಲ್ಲಿ ನಿಲ್ಲುವ ಗಾಡಿಗೆ ಸೋಲಾರ್

ಕೋವಿಡ್ ಕಳೆದು ಊರು ಮತ್ತೆ ಗಿಜಿಗುಡತೊಡಗಿದ್ದ ಕಾಲ. ವಿದ್ಯುತ್ ಸರಬರಾಜಿನ ಎಂಜಿನಿಯರ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಚಾಮರಾಜಪೇಟೆಯಲ್ಲಿ ಸೋಲಾರ್ ಅಳವಡಿಸುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಹೆಚ್ಚಿನದೆಲ್ಲ ಮನೆಗಳ ತಾರಸಿ ಕೆಲಸ. ಆಗ ಜನಕ್ಕೆ ಹೊಸದೊಂದು ಹುಚ್ಚು ಹತ್ತಿತ್ತು: ವ್ಯಾನಿನೊಳಗೆ ಮಂಚ, ಒಲೆ, ಫ್ರಿಜ್ ಎಲ್ಲ ಇಟ್ಟು ಅದನ್ನೇ ಮನೆ ಮಾಡಿಕೊಂಡು ಊರೂರು ತಿರುಗುವುದು. ಮೋಟಾರ್‌ಹೋಮ್ ಎನ್ನುತ್ತಾರೆ. ಅದಕ್ಕೆ ಪ್ಯಾನೆಲ್ ಹಾಕಿಕೊಡಿ ಎಂದು ಬರುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಮಿಕ್ಸಿ ಓಡಬೇಕು, ಟಿವಿ ಓಡಬೇಕು, ಎ.ಸಿ. ಓಡಬೇಕು, ಛಾವಣಿ ಮಾತ್ರ ನಾಲ್ಕು ಚಾಪೆ ಹಾಸುವಷ್ಟು. ಮನೆ ಬಿಟ್ಟು ಹೊರಡುವವರು ಮನೆಯನ್ನೇ ಯಾಕೆ ಹೊತ್ತುಕೊಂಡು ಹೋಗುತ್ತೀರಿ ಎಂದು ಮುಖಕ್ಕೇ ಕೇಳಿಬಿಡುತ್ತಿದ್ದೆ.

ಕೆಂಪರಾಜು ಬಂದಾಗಲೂ ಅದೇ ಮಾತು ನಾಲಿಗೆಯ ತುದಿಯಲ್ಲಿತ್ತು. ಹನುಮಂತನಗರದಲ್ಲಿ ಮನೆ. ಬಸವನಗುಡಿಯ ಸಂಸಾರಗಳನ್ನು ಮೂವತ್ತು ವರ್ಷ ಬೇಲೂರು, ಶೃಂಗೇರಿ, ಧರ್ಮಸ್ಥಳ ಎಂದು ಸುತ್ತಾಡಿಸಿದ ಟೂರಿಸ್ಟ್ ಡ್ರೈವರ್. ತಮ್ಮ ಹದಿಮೂರು ಸೀಟಿನ ವ್ಯಾನಿನ ಹಿಂದಿನ ಸೀಟುಗಳನ್ನೆಲ್ಲ ಕೀಳಿಸಿ, ಒಳಗೊಂದು ಮಂಚ ಹಾಕಿಸಿ, ಅಂಗಡಿಯ ಮುಂದೆ ತಂದು ನಿಲ್ಲಿಸಿದ್ದರು.

"ಏನೇನು ಓಡ್ಬೇಕು, ಹೇಳಿ," ಎಂದೆ.

"ಒಂದೇ ಮೇಡಂ. ನಮ್ಮನೆಯವ್ರ ಆಕ್ಸಿಜನ್ ಮಿಷನ್ನು."

ಕುರ್ಚಿ ಎಳೆದು ಕೂರಿಸಿ, ಎಲ್ಲ ವಿಚಾರಿಸಿದೆ.

ಅವರ ಹೆಂಡತಿ ಜಯಮ್ಮನಿಗೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಕಾನ್ಸೆಂಟ್ರೇಟರ್ ಎಂಬ ಯಂತ್ರ ಹಗಲಿರುಳು ಪಕ್ಕದಲ್ಲಿ ಓಡುತ್ತಿರಬೇಕು. ಎರಡು ವರ್ಷದಿಂದ ಆಸ್ಪತ್ರೆಯ ದಾರಿ ಬಿಟ್ಟರೆ ಬೇರೆ ದಾರಿ ಕಂಡಿಲ್ಲ. ಹೆಂಡತಿಯ ಜೊತೆಗಿರಲೆಂದು ಕೆಂಪರಾಜು ಕೂಡ ಟೂರ್ ಬಿಟ್ಟು ಕೂತಿದ್ದರು. ಆಕೆಗೆ ಒಂದು ಕಡೆ ಹೋಗಿಬರುವ ಆಸೆಯಂತೆ. ಡಾಕ್ಟರನ್ನು ಕೇಳಿದ್ದಕ್ಕೆ, ಕರೆದುಕೊಂಡು ಹೋಗುವುದಿದ್ದರೆ ಈಗಲೇ ಹೋಗಿಬನ್ನಿ, ಮುಂದಕ್ಕೆ ಹಾಕಬೇಡಿ ಎಂದಿದ್ದರಂತೆ. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು.

ಲೆಕ್ಕ ಹಾಕಿದೆ. ಯಂತ್ರಕ್ಕೆ ಬೇಕಾದದ್ದು ಮುನ್ನೂರು ವ್ಯಾಟ್. ಹಾಸನದ ಕಡೆಯ ದಾರಿ, ನಿಧಾನವಾಗಿ ಓಡಿಸಿದರೆ ಹೋಗಿಬರಲು ಹನ್ನೆರಡು ಗಂಟೆ. ಮಂಚದ ಕೆಳಗೆ ತುರ್ತಿಗೆಂದು ಆಕ್ಸಿಜನ್ ಸಿಲಿಂಡರ್ ಇತ್ತು. ಅದರ ಪಕ್ಕ ಬ್ಯಾಟರಿ ಇಡಲು ನಾನು ಒಪ್ಪಲಿಲ್ಲ. ಹಿಂಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಹಿಡಿಸಿದ್ದು ಇಪ್ಪತ್ನಾಲ್ಕು ವೋಲ್ಟಿನ ಒಂದು ಲಿಥಿಯಂ ಬ್ಯಾಟರಿ. ಅದೊಂದೇ ಆದರೆ ಆರು ಗಂಟೆಯೊಳಗೆ ಖಾಲಿ. ಎಂಜಿನ್ನಿನಿಂದ ಚಾರ್ಜ್ ಮಾಡೋಣವೆಂದರೆ ಹಳೆಯ ಗಾಡಿಯ ಆಲ್ಟರ್ನೇಟರ್ ಅಷ್ಟು ಭಾರ ಹೊರುವಂತಿರಲಿಲ್ಲ. ಉಳಿದ ಆರು ಗಂಟೆಯ ಉಸಿರು ಬಿಸಿಲಿನಿಂದಲೇ ಬರಬೇಕಿತ್ತು.

ಛಾವಣಿಯ ಮೇಲೆ ಮುನ್ನೂರ ಮೂವತ್ತು ವ್ಯಾಟಿನ ಎರಡು ಪ್ಯಾನೆಲ್ ಕೂರಿಸಿ, ಎರಡನ್ನೂ ಪ್ಯಾರಲಲ್ ಜೋಡಿಸಿದೆ. ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ಸೀರೀಸ್ ಜೋಡಿಸಿದರೆ, ಸಾಲಾಗಿ ಕೈ ಹಿಡಿದು ನಡೆಯುವ ಮಕ್ಕಳ ಹಾಗೆ. ಒಂದು ಮಗು ಕೂತುಬಿಟ್ಟರೆ ಸಾಲೇ ನಿಧಾನ. ಒಂದರ ಮೇಲೆ ನೆರಳು ಬಿದ್ದರೆ ಇನ್ನೊಂದರ ಕರೆಂಟೂ ಕುಗ್ಗುತ್ತದೆ. ಪ್ಯಾರಲಲ್‌ನಲ್ಲಿ ಒಂದು ಕೈಕೊಟ್ಟರೂ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತದೆ. ಓಡುವ ಗಾಡಿಯ ಮೇಲೆ ಕಂಬ, ಕೊಂಬೆ, ಕಟ್ಟಡ ಎಲ್ಲದರ ನೆರಳೂ ಬೀಳುತ್ತದೆ, ಹಾಗಾಗಿ ಈ ಏರ್ಪಾಡು.

ಕೆಲಸ ಮುಗಿಸಿ ಕಳಿಸಿದ ವಾರದಲ್ಲೇ ಫೋನ್ ಬಂತು.

"ನಿಮ್ ಪ್ಲೇಟ್ ಸರಿ ಇಲ್ಲ ಮೇಡಂ. ಚಾರ್ಜೇ ಏರ್ತಿಲ್ಲ. ಇದನ್ನ ನಂಬ್ಕೊಂಡು ಅವಳನ್ನ ಹೆಂಗ್ ಹೊರಡಿಸ್ಲಿ?"

ಕೈಲಿದ್ದ ಕೆಲಸ ಬಿಟ್ಟು, ಸಿಟ್ಟಿನಲ್ಲೇ ಹನುಮಂತನಗರಕ್ಕೆ ಹೋದೆ. ಹೋಗಿ ನೋಡಿದರೆ ವ್ಯಾನು ಬೀದಿಯ ಹೊಂಗೆಮರದ ಬುಡಕ್ಕೆ ಅಂಟಿಕೊಂಡು ನಿಂತಿದೆ! ಪ್ಯಾನೆಲ್‌ಗಳ ಮೇಲೆ ಒಣಗಿದೆಲೆಯ ಹಾಸಿಗೆ. ಎದುರಿಗೇ ಧಾರಾಳವಾಗಿ ಬಿಸಿಲು ಬಿದ್ದ ಜಾಗ ಖಾಲಿಯಿತ್ತು.

"ಅಲ್ರೀ, ಅಲ್ಲಿ ಅಷ್ಟು ಬಿಸಿಲಿದೆಯಲ್ಲ, ಇಲ್ಯಾಕೆ ನಿಲ್ಸಿದ್ದೀರಾ?"

"ಬಿಸಿಲಲ್ಲಿ ಯಾರಾದ್ರೂ ಗಾಡಿ ನಿಲ್ಸ್ತಾರಾ ಮೇಡಂ?" ಎಂದರು, ನನಗೇ ತಲೆ ಕೆಟ್ಟಿದೆಯೇನೋ ಎಂಬಂತೆ.

ಮೂವತ್ತು ವರ್ಷ ನೆರಳು ಹುಡುಕಿ ಹುಡುಕಿ ಗಾಡಿ ನಿಲ್ಲಿಸಿದ ಕೈ ಅದು. ಸಿಟ್ಟೆಲ್ಲ ಇಳಿದು ನಕ್ಕುಬಿಟ್ಟೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಜಯಮ್ಮನೂ ನಕ್ಕರು. ಮೂಗಿನ ಕೊಳವೆ ಅಲುಗಿತು, ನಗು ಕೆಮ್ಮಿಗೆ ತಿರುಗಿತು.

"ನಗಿಸ್ಬೇಡಿ ಮೇಡಂ, ಉಸಿರು ಸಾಲಲ್ಲ," ಎಂದರು, ಕಣ್ಣೊರೆಸಿಕೊಳ್ಳುತ್ತ.

ಸುಧಾರಿಸಿಕೊಳ್ಳಲಿ ಎಂದು ಪಕ್ಕದಲ್ಲಿ ಕೂತು, "ಎಲ್ಲಿಗೆ ಹೊರಟಿದೀರಾ? ಬೇಲೂರಿಗಾ?" ಎಂದು ವಿಚಾರಿಸಿದೆ.

"ದೇವಸ್ಥಾನ ಬೇಡ ಮೇಡಂ. ಆ ದಾರೀಲಿ ಕೆರೆ ಪಕ್ಕ ಒಂದು ಗೋಣಿಮರ ಇದೆಯಂತೆ. ಅಲ್ಲಿಗೆ."

ಬಸವನಗುಡಿಯ ಜನ ಪ್ರವಾಸ ಹೊರಟರೆ ಹೋಟೆಲ್ ನೆಚ್ಚಿಕೊಳ್ಳುವವರಲ್ಲ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡೇ ಗಾಡಿ ಹತ್ತುತ್ತಾರೆ. ಅವರ ಊಟಕ್ಕೆ ಕೆಂಪರಾಜು ಗಾಡಿ ನಿಲ್ಲಿಸುತ್ತಿದ್ದದ್ದು ಆ ಮರದ ಕೆಳಗೆ. ಅವರು ಒಂದು ಕಡೆ ಕೂತರೆ, ಇವರು ಇನ್ನೊಂದು ಕಡೆ ಬೇರಿನ ಮೇಲೆ ಕೂತು ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ಮನೆಗೆ ಬಂದು ಆ ಮರದ್ದೇ ವರ್ಣನೆ. ಕರೆದುಕೊಂಡು ಹೋಗೋಣವೆಂದರೆ ಗಾಡಿಯಲ್ಲಿ ಯಾವತ್ತೂ ಸೀಟು ಖಾಲಿ ಇರುತ್ತಿರಲಿಲ್ಲ.

"ಇಷ್ಟು ವರ್ಷ ಡಬ್ಬಿ ಕಟ್ಟಿ ಕಳ್ಸಿದೀನಿ. ಇವ್ರು ಅದನ್ನ ಬಿಚ್ಚೋ ಜಾಗ ಒಂದ್ಸಲ ನೋಡ್ಬೇಕು, ಅಷ್ಟೇ," ಎಂದರು ಜಯಮ್ಮ.

ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಪ್ಯಾನೆಲ್ ಚೆನ್ನಾಗಿ ದುಡಿಯುವುದು ನಡುಹಗಲಿನಲ್ಲಿ, ಇವರು ಮರದ ಕೆಳಗೆ ನಿಲ್ಲುವುದೂ ಆಗಲೇ. ಬಿಸಿಲಲ್ಲಿ ನಿಲ್ಲಿಸೋಣವೆಂದರೆ ಕಾದ ಗಾಡಿಯೊಳಗೆ ಆಕೆಗೆ ಉಸಿರು ಕಟ್ಟುತ್ತದೆ. ನೆರಳಲ್ಲಿ ನಿಲ್ಲಿಸಿದರೆ ವಾಪಸ್ ಬರುವ ದಾರಿಯಲ್ಲಿ ಯಂತ್ರ ನಿಂತುಹೋಗುತ್ತದೆ.

ಹಾಗಾದರೆ ಗಾಡಿ ನೆರಳಲ್ಲಿರಲಿ, ಪ್ಯಾನೆಲ್ಲೇ ಬಿಸಿಲಿಗೆ ಹೋಗಲಿ ಎಂದುಕೊಂಡೆ. ನೂರ ಅರವತ್ತೈದು ವ್ಯಾಟಿನ ಎರಡು ಹಗುರ ಪ್ಯಾನೆಲ್ ತಂದೆ. ಎರಡೂ ಒಟ್ಟಿಗೆ ಬಿಸಿಲಲ್ಲೇ ಇರುವಂಥವು, ಆದ್ದರಿಂದ ಇವನ್ನು ಸೀರೀಸ್ ಜೋಡಿಸಲು ಅಡ್ಡಿಯಿರಲಿಲ್ಲ. ಛಾವಣಿಯವುಗಳ ಜೊತೆ ಬೆರೆಸದೆ, ಬ್ಯಾಟರಿಗೆ ಕರೆಂಟನ್ನು ಹದಮಾಡಿ ಕೊಡುವ ಚಾರ್ಜ್ ಕಂಟ್ರೋಲರನ್ನು ಬೇರೆಯದೇ ಕೊಟ್ಟೆ. ತಂತಿ ಉದ್ದವಾದಷ್ಟೂ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಅದಕ್ಕೆ ದಪ್ಪನೆಯ ಹದಿನೈದು ಮೀಟರ್ ಕೇಬಲ್ ಹಾಕಿದೆ. ಗೋಣಿಮರ ಎಷ್ಟೇ ಹರಡಿಕೊಂಡಿದ್ದರೂ ಅದರ ನೆರಳು ದಾಟಲು ಅಷ್ಟು ಸಾಕು ಎಂದು ಕೆಂಪರಾಜು ಹೆಜ್ಜೆ ಹಾಕಿ ತೋರಿಸಿದರು. ಇಷ್ಟು ಸಂತೋಷದಿಂದ ನಾನು ಇನ್ಯಾವ ಕೆಲಸವನ್ನೂ ಮಾಡಿದ್ದು ನೆನಪಿಲ್ಲ.

ಅವರು ಹೊರಟ ದಿನ ಫೋನನ್ನು ಕೈಗೆಟಕುವಂತೆಯೇ ಇಟ್ಟುಕೊಂಡಿದ್ದೆ. ಊಟದ ಹೊತ್ತಿಗೆ ಕರೆ ಬಂತು.

"ಮೇಡಂ, ಮರ ಇಲ್ಲ."

ರಸ್ತೆ ಅಗಲ ಮಾಡುವಾಗ ಕಡಿದುಹಾಕಿದ್ದರು. ಬುಡವನ್ನೂ ಅಗೆದು ತೆಗೆದು, ಜಲ್ಲಿ ತುಂಬಿಸಿಬಿಟ್ಟಿದ್ದರಂತೆ. ಎರಡು ವರ್ಷ ಆ ದಾರಿ ತುಳಿಯದವರಿಗೆ ಗೊತ್ತಾಗುವುದಾದರೂ ಹೇಗೆ? "ಬ್ಯಾಟರಿ ಮೀಟರ್ ಎಷ್ಟು ತೋರಿಸ್ತಿದೆ?" ಎಂದೆ.

"ಫುಲ್ಲಾಗಿದೆ ಮೇಡಂ. ಇಲ್ಲಿ ಬಿಸಿಲಿಗೇನು ಕಮ್ಮಿ?"

ಆ ದನಿ ಈಗಲೂ ಕಿವಿಯಲ್ಲಿದೆ. ತಡಮಾಡದೆ ತಂಪಾದ ಹೋಟೆಲ್ ಯಾವುದಾದರೂ ಹುಡುಕಿ ಎಂದೆ. "ಇಲ್ಲೇ ಇಳೀತೀನಿ ಅಂತಿದಾಳೆ," ಎಂದವರು ಫೋನ್ ಇಟ್ಟರು.

ಮುಂದಿನದನ್ನು ಕೆಂಪರಾಜು ಆಮೇಲೆ ಹೇಳಿದರು. ಎರಡು ಹಗುರ ಪ್ಯಾನೆಲ್‌ಗಳನ್ನು ಹೊರತೆಗೆದು, ಲಗೇಜ್ ಕಟ್ಟುವ ಹಗ್ಗದಿಂದ ಒಂದು ಅಂಚನ್ನು ಗಾಡಿಯ ಮೇಲಿನ ಸರಳಿಗೆ ಬಿಗಿದು, ಇನ್ನೊಂದು ಅಂಚಿಗೆ ಕೋಲು ಕೊಟ್ಟು ಚಪ್ಪರದಂತೆ ನಿಲ್ಲಿಸಿದರಂತೆ. ಅದರ ಕೆಳಗೆ ಚಾಪೆ ಹಾಸಿ ಜಯಮ್ಮನನ್ನು ಕೂರಿಸಿದರು. ಮೇಲಿಂದ ಕರೆಂಟು, ಕೆಳಗೆ ನೆರಳು. ಆಕೆ ಡಬ್ಬಿ ಬಿಚ್ಚಿ, ಚಿತ್ರಾನ್ನವನ್ನು ತಾವೇ ಬಡಿಸಿದರು. ಬುಡ ಇಲ್ಲಿತ್ತು, ಬೇರು ಇಲ್ಲಿಯವರೆಗೆ ಬಂದಿತ್ತು, ನಾನು ಕೂರುತ್ತಿದ್ದದ್ದು ಇಲ್ಲಿ ಎಂದು ಕೆಂಪರಾಜು ಜಲ್ಲಿಯ ಮೇಲೆ ಕೈಯಾಡಿಸಿ ತೋರಿಸಿದರು.

"ಸರಿ ಬಿಡಿ, ಮರ ನೋಡ್ದಂಗೇ ಆಯ್ತು ಅಂದ್ಲು ಮೇಡಂ. ನನ್ ಸಮಾಧಾನಕ್ಕೆ ಹೇಳಿದ್ದು ಅಂತ ಗೊತ್ತಾಗ್ದೇ ಇರುತ್ತಾ?"

ಯಂತ್ರ ಎಲ್ಲೂ ನಿಲ್ಲಲಿಲ್ಲ. ಬ್ಯಾಟರಿಯಲ್ಲಿ ಇನ್ನೂ ಅರ್ಧದಷ್ಟು ಚಾರ್ಜ್ ಇರುವಾಗಲೇ ಮನೆ ಸೇರಿದರು.

ಮಳೆಗಾಲ ಹಿಡಿಯುವ ಮುನ್ನವೇ ಜಯಮ್ಮ ಹೋಗಿಬಿಟ್ಟರು. ಕಾರ್ಯಗಳೆಲ್ಲ ಮುಗಿದ ಮೇಲೆ ಕೆಂಪರಾಜು ಗಾಡಿ ತಂದರು. ಸೀಟು ಹಾಕಿಸಿ ಮತ್ತೆ ಟೂರ್ ಹೊಡೆಯಬೇಕು, ಮೇಲೆ ಲಗೇಜ್‌ಗೆ ಜಾಗ ಬೇಕು, ಎಲ್ಲ ಬಿಚ್ಚಿಬಿಡಿ ಎಂದರು. ಛಾವಣಿಯ ಪ್ಯಾನೆಲ್ ಇಳಿಸಿದೆ. ಬ್ಯಾಟರಿ, ಇನ್ವರ್ಟರ್ ತೆಗೆದೆ. ನಾನೇ ಆಸೆಪಟ್ಟು ಜೋಡಿಸಿದ್ದನ್ನು ನಾನೇ ಬಿಚ್ಚುವಾಗ ಕಣ್ಣು ಮಂಜಾಗಿ ಸ್ಕ್ರೂ ಕಾಣದಾಯಿತು. ಕೊನೆಗೆ ಆ ಎರಡು ಹಗುರ ಪ್ಯಾನೆಲ್‌ಗಳಿಗೆ ಕೈ ಹಾಕಿದಾಗ ಕೆಂಪರಾಜು ತಡೆದರು.

"ಅವೆರಡು ಇರ್ಲಿ ಮೇಡಂ."

"ಬ್ಯಾಟರಿನೇ ಇಲ್ಲ, ಇಟ್ಕೊಂಡು ಏನ್ಮಾಡ್ತೀರಾ?"

"ಆ ದಾರೀಲಿ ಹೋದಾಗ ಊಟಕ್ಕೆ ಎಲ್ಲಾದ್ರೂ ಕೂತ್ಕೊಬೇಕಲ್ಲ."

ಕೇಬಲ್ ಮಾತ್ರ ಸುತ್ತಿಕೊಂಡು, ಪ್ಯಾನೆಲ್‌ಗಳನ್ನು ಅವರ ಸೀಟಿನ ಹಿಂದೆ ಭದ್ರವಾಗಿ ಕಟ್ಟಿಕೊಟ್ಟೆ.

ಈಗಲೂ ಮೋಟಾರ್‌ಹೋಮಿನವರು ಬರುತ್ತಾರೆ. ಅವರನ್ನು ಛೇಡಿಸುವುದನ್ನು ನಿಲ್ಲಿಸಿದ್ದೇನೆ. ಎಷ್ಟು ವ್ಯಾಟ್ ಬೇಕು ಎಂಬುದನ್ನು ಆಮೇಲೆ ಕೇಳುತ್ತೇನೆ. ಗಾಡಿ ಎಲ್ಲಿ ನಿಲ್ಲುತ್ತದೆ, ಅಲ್ಲಿ ಯಾರು ಕೂರುತ್ತಾರೆ ಎಂಬುದು ನನ್ನ ಮೊದಲ ಪ್ರಶ್ನೆ. ಪ್ಯಾನೆಲ್‌ಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಸಿಡುಕುತ್ತಾರೆ. ಸಿಡುಕಲಿ. ಅವರು ಹೇಳುವವರೆಗೂ ನಾನು ಅಳತೆಯ ಟೇಪನ್ನು ಕೈಗೆತ್ತಿಕೊಳ್ಳುವುದಿಲ್ಲ.