ಮೂರು ಅಂದರೆ ಕೆಂದ

ನಾನು ಓದಿದ್ದು ನಾಲ್ಕನೆಯ ಕ್ಲಾಸು. ಆದರೂ ಇದನ್ನು ಹೇಳಿಕೊಳ್ಳದೆ ಇರಲಾರೆ, ಇಂದಿಗೂ ನೆನೆದರೆ ಎದೆ ತುಂಬಿ ಬರುತ್ತದೆ.

ಮೊಮ್ಮಗಳು ಚಿತ್ರದುರ್ಗದಲ್ಲಿ ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದಾಗ, ಅವಳಿಗೆ ಬೇಯಿಸಿ ಹಾಕಲೆಂದು ನಾನೂ ಮತ್ತೋಡಿನ ಕಡೆಯ ನಮ್ಮ ಹಳ್ಳಿಯಿಂದ ಬಂದೆ. ಕೋಟೆಯ ಬಂಡೆ ಕಾಣುವ ಒಂದು ಬಾಡಿಗೆ ಕೋಣೆ. ಅವಳು ಬೆಳಿಗ್ಗೆ ಹೋದಳೆಂದರೆ ಮಾತು ಮುಗಿಯಿತು. ಊರಲ್ಲಾದರೆ ಕುರಿಗಳ ಜೊತೆಗಾದರೂ ಮಾತಾಡುತ್ತಿದ್ದೆ, ಇಲ್ಲಿ ಬರೀ ಗೋಡೆ. ಸಂಜೆ ಬಂದವಳು ಹಳೆಯ ಕಂಪ್ಯೂಟರಿನ ಮುಂದೆ ಕೂತರೆ, ಊಟಕ್ಕೆ ಕರೆದರೂ "ಹೂಂ, ಬಂದೆ" ಅಷ್ಟೇ.

ಅವಳ ಪ್ರಾಜೆಕ್ಟು ನಮ್ಮ ಕುರಿಮಂದೆಯನ್ನೇ ಕಂಪ್ಯೂಟರಿನಲ್ಲಿ ಬರೆದಿಡುವುದು ಎಂದು ತಿಳಿದಾಗ ಆಸೆ ಹುಟ್ಟಿತು. ಇದನ್ನು ಕಲಿತರೆ ಇವಳ ಜೊತೆ ಮಾತಾಡಬಹುದು.

"ಅದ್ರಾಗೆ ಕುರಿ ಎಲ್ಲೈತೆ, ತೋರ್ಸವ್ವ."

"ಬಣ್ಣಕ್ಕೆ ನಂಬರ್ ಕೊಟ್ಟೀನಜ್ಜಿ. ಒಂದು ಅಂದ್ರೆ ಕರಿ, ಎರಡು ಬಿಳಿ, ಮೂರು ಕೆಂದ, ನಾಕು ಹಂಡ."

ನಮ್ಮಲ್ಲಿ ಕುರಿಗೆ ನಂಬರು ಹೇಳುವುದಿಲ್ಲ, ಎಣಿಸುವುದೂ ಇಲ್ಲ, ದೃಷ್ಟಿಯಾಗುತ್ತದೆ. ಸಂಜೆ ಕುರಿ ಕೂಡುವ ರೊಪ್ಪದ ಬಾಯಲ್ಲಿ ನಿಂತು, ಕೆಂಗಂದು ಮೈಯದನ್ನು ಕೆಂದ, ಮಚ್ಚೆಯದನ್ನು ಹಂಡ ಎಂದು ಕೂಗಿ ಒಳಗೆ ಬಿಟ್ಟುಕೊಳ್ಳುತ್ತೇವೆ. ಆದರೂ ಕಲಿತೆ. ಪಾತ್ರೆ ತೊಳೆಯುವಾಗ, ನಲ್ಲಿಯ ಸಾಲಿನಲ್ಲಿ ನಿಂತಾಗ, ಮೂರು ಕೆಂದ, ನಾಲ್ಕು ಹಂಡ ಎಂದು ಬಾಯಿಪಾಠ ಮಾಡಿದೆ.

ಒಂದು ಸಂಜೆ ಅವಳು ತಲೆ ಹಿಡಿದು ಕೂತಿದ್ದಳು. ಧೈರ್ಯ ಮಾಡಿ ಕೇಳಿದೆ: "ಮೂರು ಅಂದ್ರೆ ಕೆಂದ ಅಲ್ವೇನೆ?"

"ಈಗಲ್ಲಜ್ಜಿ. ನಡುವೆ ಬೂದು ಸೇರಿಸ್ದೆ. ಮೂರು ಬೂದು, ಕೆಂದ ನಾಕಾತು."

ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವಳು ತಿರುಗಿ ನೋಡಿದಳು.

"ಯಾಕಜ್ಜಿ?"

"ಎಲ್ಲಾ ಬಾಯಿಪಾಠ ಮಾಡಿದ್ನಲ್ಲೇ, ನಿನ್ ಜೊತೆ ಮಾತಾಡಾಕೆ."

ಅವಳು ನಕ್ಕಳು. "ನಂಗೂ ಅದೇ ಆಗೈತೆ. ಹಳೇ ಮೂರು ಅಲ್ಲಲ್ಲಿ ಹಂಗೇ ಬಿಟ್ಟೀನಿ, ಕೆಂದ ಕುರಿ ಎಲ್ಲಾ ಬೂದಾಗ್ಯಾವೆ. ಮಷಿನ್ನಿಗೆ ಮೂರು ಅಂದ್ರೆ ಬರೀ ಮೂರು, ತಪ್ಪು ಅಂತ ಬೈಯಾದೂ ಇಲ್ಲ. ಮೇಷ್ಟ್ರು ಎನಮ್ ಹಾಕು ಅಂದಿದ್ರು. ಯಾರಪ್ಪ ಅಷ್ಟು ಟೈಪ್ ಮಾಡಾರು ಅಂತ ನಾನೇ ಬಿಟ್ಟೆ."

"ಹಂಗಂದ್ರೆ?"

"ಹೆಸ್ರಲ್ಲೇ ಬರಿಯಾದು. ಒಳಗಿನ ನಂಬರು ಅದೇ ನೋಡ್ಕಂತೈತೆ. ನಡುವೆ ಯಾವ್ದು ಬಂದ್ರೂ ಕೆಂದ ಕೆಂದನೇ." ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬಾ, ಕುಂತ್ಕ. ರೊಪ್ಪದಾಗೆ ಕೂಗ್ದಂಗೆ ಕೂಗು."

ಕೂಗಿದೆ! ಕರೀ, ಬಿಳೀ, ಬೂದೂ, ಕೆಂದಾ, ಹಂಡಾ! ಅವಳು ಕೀಲಿಗಳನ್ನು ಕುಟ್ಟುತ್ತ ಹೋದಳು. ಮನೆಯೊಡತಿ ಬಾಗಿಲು ತಟ್ಟಿ, "ಏನ್ರೀ ಅಜ್ಜಿ, ಕುರಿಗಿರಿ ತಂದು ಕಟ್ಟೀರೇನು?" ಎಂದಳು.

"ಬಂದವೆ ಕಣವ್ವಾ, ಎಲ್ಲಾ ಬಂದವೆ!"

ಮರುದಿನ ಅವಳು ಹೋದ ಮೇಲೆ ಕೋಣೆ ಎಂದಿನಂತೆ ಸುಮ್ಮನಾಯಿತು. ಬಂಡೆಯ ಮೇಲಿನ ಬಿಸಿಲು ಇಳಿಯುವುದನ್ನೇ ನೋಡುತ್ತ ಕೂತೆ. ಸಂಜೆ ಚಪ್ಪಲಿ ಬಿಡುವ ಮೊದಲೇ ಅವಳ ಕೂಗು ಕೇಳಿಸಿತು:

"ಅಜ್ಜೀ, ಕೆಂದ ಸರಿಹೋತು!"