ಮಧ್ಯಾಹ್ನದ ಪಾಳಿ

ಭಾವ ಸೈನ್ಯ ಬಿಟ್ಟು ಬಂದದ್ದು ಎರಡು ಸಾವಿರದ ಇಸವಿಯಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಎಂದು ನನ್ನ ನೆನಪು. ಅಕ್ಕ ಅಲ್ಲ ಎನ್ನುತ್ತಾಳೆ. ಚೌತಿಗೆ ಮೊದಲೇ ಬಂದಿದ್ದರಂತೆ, ಆ ವರ್ಷ ಗಣಪತಿಯ ಮೇಲೆ ಹಣ್ಣು-ಕಾಯಿಗಳ ಫಲಾವಳಿ ಕಟ್ಟಿದ್ದೇ ಅವರಂತೆ. ನಾನು ಕುಮಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಇಬ್ಬರು ಸಾಕ್ಷಿಗಳು ಎರಡು ಮಾತು ಹೇಳಿದರೆ ಎರಡನ್ನೂ ಬರೆದಿಡಬೇಕು ಎಂದು ಧಾರವಾಡದಲ್ಲಿ ಓದುವಾಗ ಕಲಿಸಿದ್ದರು. ಬರೆದಿಟ್ಟಿದ್ದೇನೆ.

ಹೇಗೆ ಬಂದರು ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ. ಹಿಂದಿನ ವರ್ಷ ಕಾರ್ಗಿಲ್ ಬೆಟ್ಟದ ಮೇಲಿದ್ದ ಹವಾಲ್ದಾರ, ಮೈಮೇಲೆ ಒಂದು ಗೀರೂ ಇಲ್ಲದೆ ಬಂದಿದ್ದರು. ಅವರ ಊರು ಹೆಬಳೆಯ ಜನ ಬಸ್ಸಿನ ಹತ್ತಿರವೇ ಹಾರ ಹಾಕಿದರು. ಭಾವ ಹಾರ ತೆಗೆದು ಅಕ್ಕನಿಗೆ ಕೊಡುತ್ತಾರೆ ಎಂದು ಎಲ್ಲರೂ ನೋಡುತ್ತಿದ್ದರೆ, ಅವರು ಅದನ್ನು ಅಲ್ಲೇ ಇದ್ದ ಪಾಗಾರದ ಗೋಡೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, "ತಕೊ" ಎಂದರು. ಅಕ್ಕ ನಾಚಿಕೆಯಿಂದ ನಗುತ್ತಾ ಎತ್ತಿಕೊಂಡಳು. ಯಾರಿಗೂ ಏನೂ ಅನ್ನಿಸಲಿಲ್ಲ.

ಸ್ವಲ್ಪ ದಿನ ಬಿಟ್ಟು ಅಕ್ಕ ಕಾಲೇಜಿನ ಆಫೀಸಿಗೆ ಫೋನು ಮಾಡಿದಳು.

"ತಮಾ, ನಿನ್ನ ಭಾವ ಯಾರ ಕೈಗೂ ಎಂತದೂ ಕೊಡೂದಿಲ್ಲ."

"ಕೊಡೂದಿಲ್ಲ ಅಂದ್ರೆ?"

"ಚಾ ಲೋಟ ಇರ್ಲಿ, ಕೊಡಪಾನ ಇರ್ಲಿ, ನೆಲಕ್ಕಿಟ್ಟು ಹಿಂದೆ ಹೋಗಿ ನಿಲ್ತಾರೆ. ನಾ ಹೆಕ್ಕಬೇಕು. ಮಡಿಯಲ್ಲಿದ್ದ ಭಟ್ರ ಹಾಂಗೆ!"

ನಾನು ನಕ್ಕೆ. ಆ ನಗುವಿನ ನೆನಪಾದರೆ ಈಗಲೂ ಕಸಿವಿಸಿಯಾಗುತ್ತದೆ. ಏಕೆಂದರೆ ಅವಳು ಮುಂದೆ ಹೇಳಿದ್ದು ಬೇರೆ. ಬಂದಾಗಿನಿಂದ ಭಾವ ಅಡ್ಡ ಬಿದ್ದು ಮಲಗಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕುಳಿತೇ ಬೆಳಗು ಮಾಡುತ್ತಿದ್ದರು. ಕಾರ್ತಿಕ ಕಳೆದ ಮೇಲೆ ಗೋವೆಗೆ ವಾಚ್‌ಮನ್ ಕೆಲಸಕ್ಕೆ ಹೋಗುವುದೆಂದು ನಿಶ್ಚಯ ಮಾಡಿದ್ದರು.

"ಪಿಂಚಣಿ ಬತ್ತದೆ, ಮಲ್ಲಿಗೆ ಗಿಡ ಉಂಟು, ಎಂತಕೆ ಹೋಗ್ಬೇಕು ಅಂತ ಕೇಳ್ದೆ. ಮನೆಯಲ್ಲಿ ಇದ್ರೆ ತನ್ನ ಕೈಯಿಂದ ನಂಗೆ ಎಂತಾದ್ರೂ ಆತದಂತೆ. ಹದಿನೇಳು ವರ್ಷ ಕಾದಿದ್ದೆ ತಮಾ. ಮತ್ತೆ ಹೋದ್ರೆ ಈ ಮನುಷ್ಯ ತಿರುಗಿ ಬರೂದಿಲ್ಲ."

ಕುಮಟೆಯಲ್ಲಿ ನನಗೆ ಪರಿಚಯದ ಒಬ್ಬ ವೈದ್ಯರಿದ್ದರು. ಮುಂದಿನ ವಾರ ಭಾವನನ್ನು ಕರೆದುಕೊಂಡು ಹೊರಟೆ. ಬಸ್ಸು ಕಾಸರಕೋಡ ದಾಟಿ ಶರಾವತಿ ಸೇತುವೆಯ ಹತ್ತಿರ ಬಂದಾಗ ಭಾವ ಎದ್ದು, "ಹೋಲ್ಡಾನ್" ಎಂದು ಕೂಗಿದರು. ಇಳಿದೇಬಿಟ್ಟರು. ನಾನೂ ಇಳಿದೆ. ಕಂಡಕ್ಟರ್ ಬೈದ. ಸೇತುವೆ ಮೇಲೆ ಬಸ್ಸಿನೊಳಗೆ ಕೂತು ಹೋಗಲು ಅವರಿಂದ ಆಗುವುದಿಲ್ಲವಂತೆ, ನಡೆದಾದರೆ ಆಗುತ್ತದಂತೆ. ಕಿಲೋಮೀಟರಿನಷ್ಟು ಉದ್ದದ ಸೇತುವೆ. ಲಾರಿ ಹೋದಾಗೆಲ್ಲ ಕಾಲಡಿ ನಡುಗುತ್ತಿತ್ತು. ನನಗೆ ಸಿಟ್ಟು ಬಂದಿತ್ತು. ಸೇತುವೆಯ ನಡುವೆ, ನಾನು ಕೇಳದೆಯೇ, ಅವರು ಹೇಳಿದರು.

"ಬೆಟ್ಟದ ಮೇಲೆ ನನ್ನ ಪಾಳಿ ಮುಗಿಯೂಕೆ ಇನ್ನೂ ಹತ್ತು ನಿಮಿಷ ಇತ್ತು. ಕಾಲು ಮರಗಟ್ಟಿತ್ತು, ತಡಿಯೂಕೆ ಆಗ್ಲಿಲ್ಲ. ಬದ್ಲಿಯವನನ್ನ ಬೇಗ ಕರ್ದೆ. ಪಾಪ, ಒಂದು ಮಾತು ಆಡ್ಲಿಲ್ಲ, ಬಂದ. ದುರ್ಬೀನು ಅವನ ಕೈಗೆ ಕೊಟ್ಟೆ. ಇಪ್ಪತ್ತು ಹೆಜ್ಜೆ ಬಂದಿದ್ದೆ, ಗುಂಡು ಬಿತ್ತು. ಅವ ಹೋದ."

"ಅದು ನಿಮ್ಮ ತಪ್ಪಲ್ಲ ಭಾವ," ಎಂದೆ. ಕಲಿತವರು ಇಂಥಲ್ಲಿ ಹೇಳುವ ಮಾತು.

"ಹತ್ತು ನಿಮಿಷ ನಂದಿತ್ತು," ಎಂದರು. ಆಚೆ ದಡಕ್ಕೆ ಬಂದು ಇನ್ನೊಂದು ಬಸ್ಸು ಹತ್ತಿದೆವು.

ವೈದ್ಯರು ಸಮಾಧಾನದಿಂದ ಕೇಳಿದರು, ಮಾತ್ರೆ ಬರೆದುಕೊಟ್ಟರು. ಭಾವ ತಪ್ಪದೆ ನುಂಗಿದರು. ಕುಳಿತಲ್ಲೇ ಒಂದೆರಡು ತಾಸು ನಿದ್ದೆ ಬರತೊಡಗಿತು. ಆದರೆ ಲೋಟ ನೆಲಕ್ಕೇ ಇಳಿಯುತ್ತಿತ್ತು, ಗೋವೆಯ ಮಾತೂ ನಿಂತಿರಲಿಲ್ಲ.

ಅಷ್ಟರಲ್ಲಿ ಕಾರ್ತಿಕ ಬಂತು. ಅಕ್ಕನ ಕೇರಿಯಲ್ಲಿ ಒಂದು ಸಣ್ಣ ವಿಠೋಬನ ಗುಡಿಯಿದೆ. ಅಲ್ಲಿ ಕಾರ್ತಿಕದಲ್ಲಿ ಭಜನಾ ಸಪ್ತಾಹ. ಏಳು ದಿನ, ಹಗಲೂ ರಾತ್ರಿ, ದೇವರ ನಾಮ ನಿಲ್ಲುವಂತಿಲ್ಲ. ಮನೆಗಿಷ್ಟು ತಾಸೆಂದು ಪಾಳಿ ಹಂಚುತ್ತಾರೆ. ಯಾರದೋ ಅಜ್ಜ ಪಂಢರಪುರದಿಂದ ತಂದ ಒಂದು ಜೊತೆ ಕಂಚಿನ ತಾಳವಿದೆ. ಎರಡು ಬಟ್ಟಲಿಗೂ ಒಂದೇ ದಾರ. ಪಾಳಿ ಬದಲಾಗುವಾಗ ಅದು ಕೈಯಿಂದ ಕೈಗೇ ಹೋಗಬೇಕು, ನೆಲ ಮುಟ್ಟಬಾರದು. ಬರುವವನು ಎದುರು ಕುಳಿತು ದಾರದಲ್ಲಿ ಬೆರಳು ತೂರಿಸುತ್ತಾನೆ; ನಾಲ್ಕು ಕೈ ಸೇರಿ ಒಂದೆರಡು ಬಾರಿ ತಟ್ಟುತ್ತವೆ; ಮೊದಲಿನವನು ಬಿಡುತ್ತಾನೆ. ನಡುವೆ ಎಲ್ಲಿಯಾದರೂ ನಿಂತಿತೋ, ಮೊದಲಿನಿಂದ ಮತ್ತೆ ಏಳು ದಿನ.

ಗುಡಿಯ ಮೊಕ್ತೇಸರರು ಪಾಳಿ ಹಂಚಲು ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಎಪ್ಪತ್ತು ದಾಟಿದ ಮುದುಕ. ಮೊಣಕಾಲು ಹೋಗಿತ್ತು, ನಾಲಿಗೆ ಗಟ್ಟಿಯಿತ್ತು.

"ಮಿಲ್ಟ್ರಿಯವ್ರೆ, ನಿಮ್ಗೆ ಮಧ್ಯಾಹ್ನದ ಪಾಳಿ. ಹನ್ನೆರಡರಿಂದ ಮೂರು. ಉಂಡು ತೂಕಡಿಸೂ ಹೊತ್ತು, ಊರಲ್ಲಿ ಒಬ್ಬನೂ ಒಪ್ಪೂದಿಲ್ಲ. ನೀವಾದ್ರೆ ಸರ್ಕಾರದ ಅನ್ನ ಉಂಡು ಎಚ್ಚರ ಇದ್ದವ್ರು."

ಭಾವ ಒಂದೇ ಪ್ರಶ್ನೆ ಕೇಳಿದರು. "ಬದ್ಲಿ ಯಾರು?"

ಔಷಧ ನಡೆಯುತ್ತಿರುವಾಗ ಇದೆಲ್ಲ ಬೇಡ ಎಂದು ನಾನು ಅಡುಗೆಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಬಸಳೆ ದಂಟು ಮುರಿಯುತ್ತಿದ್ದಳು.

"ನಿನ್ನ ಡಾಕ್ಟ್ರಿಗೂ ಕೈ ಮುಗ್ದಿದೆ. ಈ ವಿಠೋಬಂಗೂ ಮುಗೀತೆ. ನಿಂಗೆಂತ ನಷ್ಟ?"

ಧಾರವಾಡದಿಂದ ಬಂದ ಮೇಲೆ ನಾನು ಗುಡಿಯ ಒಳಗೆ ಹೋಗುವುದನ್ನೇ ಬಿಟ್ಟಿದ್ದೆ. ಅದನ್ನು ಸಾಧನೆ ಎಂದುಕೊಂಡಿದ್ದೆ.

ಮೊದಲ ನಾಲ್ಕು ದಿನ ಭಾವ ತಮ್ಮದೇ ಒಂದು ಉಪಾಯ ಮಾಡಿದರಂತೆ. ಮೂರು ಗಂಟೆಗೆ ಬದಲಿಯವನು ಬಂದ ಕೂಡಲೇ ತಾಳವನ್ನು ತಮ್ಮ ಕೊರಳಿಗೆ ಹಾಕಿಕೊಂಡು ಕೈ ಕೆಳಗೆ ಬಿಡುವುದು. ಬಂದವನು ಹಾರ ತೆಗೆದ ಹಾಗೆ ಅದನ್ನು ತೆಗೆದುಕೊಳ್ಳಬೇಕು. ಅಷ್ಟು ಹೊತ್ತು ಉಳಿದವರು ಚಪ್ಪಾಳೆ ತಟ್ಟಿ ನಾಮ ಹೇಳುತ್ತಿದ್ದರು. ತಾಳ ನೆಲ ಮುಟ್ಟಲಿಲ್ಲ, ಕೈಯಿಂದ ಕೈಗೂ ಹೋಗಲಿಲ್ಲ. "ಮಿಲ್ಟ್ರಿಯವರ ಕಾನೂನೇ ಬೇರೆ," ಎಂದು ಮೊಕ್ತೇಸರರು ಗೊಣಗಿ ಸುಮ್ಮನಾದರು.

ಐದನೆಯ ದಿನ ಶನಿವಾರ. ಬೆಳಗಿನ ಪಾಠ ಮುಗಿಸಿ ಬಸ್ಸು ಹತ್ತಿ ಹೆಬಳೆಗೆ ಬಂದಾಗ ಮೂರಾಗಿತ್ತು. ಆಕಾಶ ಕಪ್ಪಾಗಿತ್ತು. ಕೊಯ್ದ ಭತ್ತ ಗದ್ದೆಯಲ್ಲೇ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ಭಜನೆಗೆ ಯಾರು ಕೂರುತ್ತಾರೆ? ಮೂರರ ಪಾಳಿಯ ಮನೆಯವರೂ, ಒಳಗೆ ಕುಳಿತಿದ್ದವರೂ ಭತ್ತದ ಸೂಡಿ ಹೊರಲು ಓಡಿದ್ದರು. ಗುಡಿಯಲ್ಲಿ ಉಳಿದವರು ಮೂವರೇ. ತಾಳ ಹಿಡಿದ ಭಾವ, ಕಂಬಕ್ಕೆ ಒರಗಿ ನಾಮ ಹೇಳುತ್ತಿದ್ದ ಮೊಕ್ತೇಸರರು, ಮೂಲೆಯಲ್ಲಿ ಬಾಳೆನಾರಿಗೆ ಮಲ್ಲಿಗೆ ಕಟ್ಟುತ್ತಿದ್ದ ಅಕ್ಕ.

ನಾಲ್ಕಾಯಿತು. ನಾಲ್ಕೂವರೆಯಾಯಿತು. ಭಾವನ ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ದಾರ ಕೊಯ್ದು ತೋರುಬೆರಳಿನಿಂದ ರಕ್ತ ಮಣಿಕಟ್ಟಿಗೆ ಇಳಿದಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊಕ್ತೇಸರರು ನಾಮದ ನಡುವೆಯೇ ನನ್ನ ಕಡೆ ತಿರುಗಿದರು.

"ವಿಠ್ಠಲ ವಿಠ್ಠಲ... ಮಾಸ್ತರೇ, ಎಂತ ಸಿನೆಮಾ ನೋಡ್ತೀರಿ? ಬಂದು ಕೂತ್ಕಣಿ... ವಿಠ್ಠಲ ವಿಠ್ಠಲ."

"ನಂಗೆ ಬರೂದಿಲ್ಲ."

"ಎಮ್ಮೆ ಮಾಡೂಕೆ ಬತ್ತದೆ, ಎರಡು ಬಟ್ಟಲು ತಟ್ಟೂಕೆ ಬರೂದಿಲ್ಲ?" ಎಂ.ಎ. ಎನ್ನುವುದನ್ನು ಅವರು ಯಾವಾಗಲೂ ಹಾಗೇ ಹೇಳುತ್ತಿದ್ದರು, ಬೇಕೆಂದೇ.

ಹೋಗಿ ಭಾವನ ಎದುರು ಕುಳಿತೆ. ದಾರದಲ್ಲಿ ಬೆರಳು ತೂರಿಸಿದೆ. ದಾರ ಒದ್ದೆಯಾಗಿತ್ತು. ನಾಲ್ಕು ಕೈ ಸೇರಿ ತಟ್ಟತೊಡಗಿದವು. ಎರಡು ಸಲವಲ್ಲ, ಇಪ್ಪತ್ತು ಸಲ, ನಲವತ್ತು ಸಲ. ಅವರು ಬಿಡಲಿಲ್ಲ. ತಾಳಕ್ಕೆ ಸರಿಯಾಗಿ ತಲೆ ಅಲ್ಲಾಡಿಸುತ್ತಾ ಬೇಡ, ಬೇಡ ಎನ್ನುತ್ತಿದ್ದರು. ಕೊರಳಿಗೆ ಹಾಕಿಕೊಳ್ಳುವ ಹಾಗೂ ಇರಲಿಲ್ಲ. ಚಪ್ಪಾಳೆ ತಟ್ಟಿ ತುಂಬಲು ಜನವಿರಲಿಲ್ಲ.

ಮೂಲೆಯಿಂದ ಅಕ್ಕ, ಹೂವಿನಿಂದ ತಲೆಯೆತ್ತದೆ, "ಅವ ನನ್ನ ತಮ್ಮ. ಅವಂಗೆಂತ ಆತಿಲ್ಲ. ಕೊಡಿ," ಎಂದಳು.

ಆಮೇಲಿನದರ ಬಗ್ಗೆಯೇ ನನಗೆ ಹೆಚ್ಚು ಅನುಮಾನ. ಭಾವ ವಿಠೋಬನ ಮುಖ ನೋಡಿ ಕೈ ಸಡಿಲಿಸಿದರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಮೂರ್ತಿ ನನ್ನ ಬೆನ್ನ ಹಿಂದಿತ್ತು. ನಾನು ಕಂಡದ್ದು ಅವರ ಕಣ್ಣು ನನ್ನ ಭುಜದ ಮೇಲಿಂದ ಆಚೆ ಹೋದದ್ದನ್ನು ಮಾತ್ರ. ಆಚೆ ಮೂರ್ತಿಯೂ ಇತ್ತು, ಗೋಡೆ ಗಡಿಯಾರವೂ ಇತ್ತು. ಏನೇ ಇರಲಿ, ಒಂದೊಂದೇ ಬೆರಳು ಬಿಟ್ಟಿತು. ಕೊನೆಯ ಬೆರಳು ಬಿಟ್ಟ ಮೇಲೆ ಅವರು ಉಸಿರು ಹಿಡಿದು ನನ್ನನ್ನೇ ನೋಡುತ್ತಾ ಕುಳಿತರು. ನಾನು ತಟ್ಟುತ್ತಿದ್ದೆ, ಅಡ್ಡಾದಿಡ್ಡಿ. ನನಗೇನೂ ಆಗಲಿಲ್ಲ. ಅವರು ನೆಲಕ್ಕೆ ಕೈಯೂರಿ ಎದ್ದು ಹೊರಗೆ ಜಗಲಿಗೆ ಹೋದರು. ಅಕ್ಕ ಹೂವು ಬಿಟ್ಟು ನೀರು ಹಿಡಿದು ಹಿಂದೆಯೇ ಓಡಿದಳು.

ಮೊಕ್ತೇಸರರ ತಲೆ ಎದೆಗೆ ಬಾಗಿತ್ತು. ಸ್ವರ ನನ್ನದೊಂದೇ. ಹೆಂಚಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. ಬೆವರಿಗೋ ರಕ್ತಕ್ಕೋ ದಾರ ಜಾರಿತು. ತಾಳ ನೆಲಕ್ಕೆ ಬಿದ್ದು ಠಣ್ಣೆಂದಿತು. ನನ್ನ ಬಾಯೂ ನಿಂತಿತು.

ಐದು ದಿನದಿಂದ ನಾಮ ತುಂಬಿದ್ದ ಗುಡಿ ಒಮ್ಮೆಗೇ ಖಾಲಿಯಾಯಿತು. ನಂಬದವನಿಗೆ ಇದರಿಂದ ಏನಾಗಬೇಕು? ಆದರೂ ಬಾಗಿಲ ಕಡೆ ನೋಡಿದೆ. ಈಗ ಭಾವ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ, ಗೋವೆಗೆ ಹೊರಡುತ್ತಾರೆ, ಅಕ್ಕ ಜನ್ಮವಿಡೀ ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಯಾರೂ ಬರಲಿಲ್ಲ. ತಾಳ ಹೆಕ್ಕಿ ಮತ್ತೆ ತಟ್ಟಿದೆ, ನಾಮ ಎತ್ತಿದೆ. ಮೊಕ್ತೇಸರರು ತಲೆಯೆತ್ತಿ ಏನೂ ಆಗದವರಂತೆ ಸ್ವರ ಕೂಡಿಸಿದರು.

ಸ್ವಲ್ಪ ಹೊತ್ತಿಗೆ ಅಕ್ಕ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು. "ತಮಾ, ಮಲಗಿದ್ದಾರೆ. ಕಾಲು ಚಾಚಿ ಮಲಗಿದ್ದಾರೆ. ನಿಲ್ಸಬೇಡ, ಆತಾ?" ಅವಳ ಮುಖ ಒದ್ದೆಯಾಗಿತ್ತು, ಹೊರಗೆ ಮಳೆಯೂ ಇತ್ತು. ಸೂಡಿ ಹೊತ್ತವರು ನೆನೆದು ಬರುವವರೆಗೆ, ಸುಮಾರು ಆರರವರೆಗೆ, ನಾನು ನಿಲ್ಲಿಸಲಿಲ್ಲ.

ಒಂದೇ ದಿನಕ್ಕೆ ಎಲ್ಲ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ಇನ್ನೂ ಎರಡು ವರ್ಷ ನಡೆಯಿತು. ಕೆಟ್ಟ ದಿನಗಳು ಬಂದವು, ಹೋದವು. ಆದರೆ ಸಪ್ತಾಹದ ಮಂಗಳ ಮುಗಿದ ಮರುದಿನ ಬೆಳಿಗ್ಗೆ ಭಾವ ಚಾ ಕುಡಿದು ಖಾಲಿ ಲೋಟವನ್ನು ಅಕ್ಕನ ಕೈಗೆ ಕೊಟ್ಟರಂತೆ. ಗೋವೆಯ ಮಾತು ನಿಂತಿತು. ದಿನಾ ಸಂಜೆ ಗುಡಿಗೆ ಹೋಗಿ ದೀಪ ಹಚ್ಚಿ ನಾಮ ಹೇಳತೊಡಗಿದರು. ಮಾತ್ರೆಯಿಂದಲೇ ಗುಣವಾದದ್ದು ಎಂದು ನಾನು ಒಮ್ಮೆ ವಾದ ಹೂಡಿದಾಗ ನಕ್ಕರು.

"ಮಾತ್ರೆಯಿಂದ ನಿದ್ದೆ ಬಂತು ಮಾರಾಯ, ಇಲ್ಲ ಅಂದವ್ರು ಯಾರು? ಮಲಗೂಕೆ ಧೈರ್ಯ ಬೇಕಲ್ಲ. ವಿಠೋಬ ಕಾಣು, ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದ. ಅವನಿಗೆ ಬದ್ಲಿ ಇಲ್ಲ. ಅವ ನಿಂತ ಮೇಲೆ ನಾ ಒಬ್ಬನೇ ಕಾಯ್ಬೇಕು ಅಂತಿಲ್ಲ."

ತಾಳ ಬಿದ್ದದ್ದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಒಮ್ಮೆ ಸುತ್ತಿ ಬಳಸಿ ಕೇಳಿದಾಗ ಮೊಕ್ತೇಸರರು, "ನಿಂತದ್ದಾ? ನಾ ಅಲ್ಲೇ ಕಣ್ಮುಚ್ಚಿ ಹೇಳ್ತಾ ಇದ್ದೆ ಅಲ್ವಾ!" ಎಂದು ರೇಗಿದ್ದರು. ಅಕ್ಕನಿಗೆ ಆ ದಿನ ಮಳೆಯ ಸದ್ದು ಬಿಟ್ಟು ಬೇರೇನೂ ನೆನಪಿಲ್ಲ. ವರ್ಷಗಳು ಹೋದಂತೆ, ಅದು ನಿಜವಾಗಿ ಬಿದ್ದಿತ್ತೇ ಎಂದು ನನಗೇ ಸಂಶಯ ಹತ್ತಿತು.

ಏಳೆಂಟು ವರ್ಷದ ನಂತರ ಒಂದು ದಿನ ಭಾವ ಕುಮಟೆಗೆ ಬಂದಿದ್ದರು. ಸಂಜೆ ಇಬ್ಬರೂ ಹೆಬಳೆಗೆ ಹೊರಟೆವು. ಹೊನ್ನಾವರ ದಾಟಿ ಬಸ್ಸು ಸೇತುವೆ ಹತ್ತಿತು. ಭಾವ ಕಿಟಕಿಯ ಪಕ್ಕ ಕುಳಿತು ಕೆಳಗೆ ದೋಣಿ ನೋಡುತ್ತಿದ್ದರು. ಎಷ್ಟೋ ವರ್ಷದಿಂದ ಹಾಗೇ ಹೋಗುತ್ತಿದ್ದರು. ಅವತ್ತು ಯಾಕೋ ನನ್ನ ಬಾಯಿಯಿಂದ ಬಂತು.

"ಭಾವ, ಆ ದಿನ ನನ್ನ ಕೈಯಿಂದ ತಾಳ ಬಿದ್ದಿತ್ತು. ಭಜನೆ ನಿಂತಿತ್ತು."

"ಗೊತ್ತು," ಎಂದರು, ದೋಣಿಯಿಂದ ಕಣ್ಣು ತೆಗೆಯದೆ.

"ಗೊತ್ತಾ?"

"ಜಗಲಿಯಲ್ಲಿ ಬಿದ್ಕಂಡಿದ್ದೆ ಅಲ್ವಾ. ಠಣ್ ಅಂತು. ಆಮೇಲೆ ಎಂತದೂ ಇಲ್ಲ. ಹೋತು, ಇವನೂ ಹೋದ ಅಂದ್ಕಂಡೆ. ಓಡಿ ಬರೂಕೆ ಕಾಲು ಮಡ್ಸಿದೆ. ಏಳೂಕೆ ಆಗ್ಲಿಲ್ಲ. ವಿಠೋಬ, ನಿನ್ನ ಎದುರೇ ಕೂತಿದ್ದಾನೆ, ನೀನೇ ನೋಡ್ಕೊ ಅಂದೆ. ಅಷ್ಟರಲ್ಲಿ ಮತ್ತೆ ಶುರುವಾತು. ನೀ ಎಷ್ಟು ಕೆಟ್ಟದಾಗಿ ತಟ್ತಾ ಇದ್ದೆ ಮಾರಾಯ! ಬೇರೆ ಯಾರೂ ಅಷ್ಟು ಕೆಟ್ಟದಾಗಿ ತಟ್ಟೂದಿಲ್ಲ, ಇವನೇ, ಇದ್ದಾನೆ ಅಂತ ಗೊತ್ತಾತು. ಕಾಲು ಚಾಚಿದೆ. ಆಗ ಬಂದದ್ದು ನಿದ್ದೆ."

ಅಭ್ಯಾಸ ಬಿಡದೆ ಕೇಳಿದೆ. "ಎಷ್ಟು ಹೊತ್ತು ನಿಂತಿತ್ತು ಭಾವ? ನಾನು ಎರಡು ಉಸಿರಿನಷ್ಟು ಅಂತ ಬರೆದಿಟ್ಟಿದ್ದೆ."

"ನಂಗೆ ಹತ್ತು ನಿಮಿಷ ಅನ್ಸಿತ್ತು. ಎರಡೂ ಬರ್ಕೊ." ನಕ್ಕರು. "ಮೊಕ್ತೇಸರ್ರಿಗೆ ಹೇಳ್ಬೇಡ. ಮೊದಲಿಂದ ಏಳು ದಿನ ಮಾಡ್ಸ್ತಾರೆ."

ಬಸ್ಸು ಕಾಸರಕೋಡದ ಕಡೆ ಇಳಿಯತೊಡಗಿತು. ಒಣಮೀನಿನ ವಾಸನೆ ಕಿಟಕಿಯಿಂದ ಒಳಗೆ ಬಂತು.

"ಮಾಡ್ಸಿದ್ರೂ ಅಡ್ಡಿಲ್ಲ," ಎಂದರು ಭಾವ. "ಮಧ್ಯಾಹ್ನದ ಪಾಳಿ ಹೆಂಗೂ ನಂದೇ. ಬದ್ಲಿಗೆ ನೀ ಬತ್ಯಲ್ಲ?"

"ಬತ್ತೆ," ಎಂದೆ.