ಮಡಿವಾಳ ಹಕ್ಕಿಗೆ ನಲವತ್ತು ಅಂಕ

ನಾರ್ಸೊ ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಅವನ ಮುಂದೆ ಇಡುವುದೇ ಹದಿನಾಲ್ಕು ವರ್ಷಗಳಿಂದ ನನ್ನ ಉದ್ಯೋಗ. ಇದಕ್ಕೆ ಸಂಬಳವನ್ನೂ ಕೊಡುತ್ತಾರೆ, ಕೊಡದಿದ್ದರೂ ಮಾಡುತ್ತಿದ್ದೆನೇನೋ. ಜಾವಾದ ಸೋಲೊ ಊರಿನ ನಮ್ಮ ಕಂಪನಿ ಆಸ್ಪತ್ರೆಗಳಲ್ಲಿ ಸರದಿ ಚೀಟಿ ಕೊಡುವ ಯಂತ್ರಗಳಿಗೆ ಪ್ರೋಗ್ರಾಮು ಬರೆಯುತ್ತದೆ. ರೋಗಿ ಗುಂಡಿ ಒತ್ತಿದರೆ ನಂಬರ್ ಬರಬೇಕು, ಅಷ್ಟೇ. ಈ ಮಹಾಕಾರ್ಯಕ್ಕೆ ನಾರ್ಸೊ ತನ್ನ ಯೌವನವನ್ನು ಧಾರೆ ಎರೆದಿದ್ದಾನೆ. ಸೇರಿದಾಗ ಪ್ರೋಗ್ರಾಮರ್, ನಾಲ್ಕು ವರ್ಷಕ್ಕೆ ಹಿರಿಯ ಪ್ರೋಗ್ರಾಮರ್. ಆಮೇಲೂ ಹಿರಿಯನಾಗುತ್ತಲೇ ಹೋದ, ತಲೆಗೂದಲಿನಲ್ಲಿ ಮಾತ್ರ.

ಮನೆಯಲ್ಲಿ ತನ್ನ ಖುಷಿಗೆಂದು ಬರೆಯುತ್ತಿದ್ದ ಪ್ರೋಗ್ರಾಮುಗಳೇ ಬೇರೆ. ಮಾಂಸದುಂಡೆಯ ಸಾರು ಮಾರುವ ಬಕ್ಸೊ ಗಾಡಿ ಬೀದಿಗೆ ಬರುವ ಹೊತ್ತನ್ನು ತಿಳಿಸುವುದೊಂದಿತ್ತು. ಗಾಡಿಯವನು ಬಟ್ಟಲು ಬಡಿಯುವುದು ಕಿವಿಯಿದ್ದವರಿಗೆಲ್ಲ ಕೇಳುತ್ತದೆ ಎಂದು ಅರ್ಧ ಬರೆದ ಮೇಲೆ ಹೊಳೆಯಿತು. ಹುಟ್ಟಿದ ದಿನ ನೋಡಿ ಗಂಡುಹೆಣ್ಣಿಗೆ ಕೂಡಿಬರುತ್ತದೋ ಇಲ್ಲವೋ ಹೇಳುವುದು ಇನ್ನೊಂದು. ಅದು ಅವನಿಗೂ ಅವನ ಹೆಂಡತಿ ಎಂದಾಹ್‌ಗೂ ಸುತರಾಂ ಆಗಿಬರುವುದಿಲ್ಲ ಎಂದು ತೋರಿಸಿತು. ಅಲ್ಲಿಗೆ ಅದೂ ನಿಂತಿತು.

"ಇವರು ಶುರು ಮಾಡಿದ್ರಲ್ಲಿ ಪೂರ್ತಿ ಆಗಿರೋದು ನಮ್ಮ ಮಗಳು ಒಬ್ಳೇ," ಎಂದು ಎಂದಾಹ್ ನನ್ನ ಮುಂದೆ ಹೇಳಿದ್ದಳು. "ಅದೂ ಪೂರ್ತಿ ಮಾಡಿದ್ದು ನಾನು."

ಕೊನೆಗೆ ಒಂದನ್ನು ಮುಗಿಸಿಬಿಟ್ಟ. ನಮ್ಮೂರಿನಲ್ಲಿ ಭಾನುವಾರವೆಂದರೆ ಹಕ್ಕಿಗಳ ಹಾಡಿನ ಸ್ಪರ್ಧೆ. ಸಾಲಾಗಿ ಪಂಜರ ತೂಗುಹಾಕುತ್ತಾರೆ, ತೀರ್ಪುಗಾರರು ಕೆಳಗೆ ನಿಂತು ಕಿವಿಗೊಡುತ್ತಾರೆ, ಯಜಮಾನರು ಬೇಲಿಯಾಚೆಯಿಂದ ಹಕ್ಕಿಗಳಿಗಿಂತ ಜೋರಾಗಿ ಕೂಗುತ್ತಾರೆ. ತೀರ್ಪು ಬಂದ ಮೇಲೆ ಜಗಳ ಶುರು. ನಾರ್ಸೊ ಅಪ್ಪನ ಪಂಜರಗಳ ನಡುವೆಯೇ ಬೆಳೆದವನು. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಪ್ರತಿ ಹಕ್ಕಿಯ ದನಿಯನ್ನು ಬೇರೆಬೇರೆಯಾಗಿ ಹಿಡಿದು ಅಂಕ ಕೊಡುವ ಪ್ರೋಗ್ರಾಮು ಬರೆದ. ಪರೀಕ್ಷೆ ಮಾಡಲು ನನಗೇ ಕೊಟ್ಟ. ಮೂರು ವಾರ ಜಾಲಾಡಿದೆ. ಒಂದು ತಪ್ಪೂ ಸಿಗಲಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಎಲ್ಲರೂ ನೋಡಲೆಂದು ಅದನ್ನು ಇಂಟರ್ನೆಟ್ಟಿನಲ್ಲಿ ಇಟ್ಟ. ಮಲೇಶಿಯಾದ ಪೆನಾಂಗಿನ ಒಂದು ಸಂಸ್ಥೆಯವರು ನೋಡಿದರು. ಕಾಡಿನ ಹಕ್ಕಿಗಳನ್ನು ದನಿಯಿಂದಲೇ ಎಣಿಸುವವರು ಅವರು. ಮುಂದಿನ ವಾರ ಗುರುವಾರ ಮಾತಾಡೋಣ, ಸರಿಹೋದರೆ ನಿಮ್ಮ ಮನೆಯಿಂದಲೇ ಕೆಲಸ ಮಾಡಬಹುದು ಎಂದು ಬರೆದರು. ನಾರ್ಸೊ ಆ ಪತ್ರವನ್ನು ನನಗೆ ನಾಲ್ಕು ಸಲ ಓದಿ ಹೇಳಿದ. ಸರದಿ ಚೀಟಿಯಿಂದ ಬಿಡುಗಡೆಯಾಗಲು ಅವನಿಗಿದ್ದ ದಾರಿ ಅದೊಂದೇ.

ಅದೇ ವಾರ ನಮ್ಮ ಯಜಮಾನರು, ನಾವೆಲ್ಲ ಮರ್ಯಾದೆಗೆ ಪಾಕ್ ಎನ್ನುವ ವಿಬಿಸೋನೊ, ಅವನನ್ನು ಕೋಣೆಗೆ ಕರೆದರು. ನಾನೂ ಅಲ್ಲೇ ಇದ್ದೆ.

"ಭಾನುವಾರ ಕಂಪನಿ ವಾರ್ಷಿಕೋತ್ಸವಕ್ಕೆ ಹಕ್ಕಿ ಸ್ಪರ್ಧೆ ಇಟ್ಟಿದೀನಿ, ನಾರ್ಸೊ. ತೀರ್ಪು ನಿನ್ನ ಪ್ರೋಗ್ರಾಮಿಂದೇ ಇರ್ಲಿ."

"ಆಗ್ಲಿ, ಪಾಕ್."

"ನಮ್ಮ ಪಂಗ್ಲಿಮಾನೂ ಇರ್ತಾನೆ. ಈಚೀಚೆಗೆ ಬಹಳ ಚೆನ್ನಾಗಿದಾನೆ." ಟೀ ಕುಡಿದು ಕಿಟಕಿಯಾಚೆ ನೋಡಿದರು. "ತಂಡದ ಮುಖ್ಯಸ್ಥರ ಜಾಗ ಖಾಲಿ ಬಿದ್ದಿದೆ. ಏನಾದ್ರೂ ಮಾಡ್ಬೇಕು."

ಬೇರೆ ಊರಿನವರಿಗೆ ಇವು ಎರಡು ಮಾತು. ಜಾವಾದವರ ಕಿವಿಗೆ ಒಂದೇ.

ಪಂಗ್ಲಿಮಾ ಎಂದರೆ ಅವರ ಮಡಿವಾಳ ಹಕ್ಕಿ. ಪಕ್ಕದ ಪಂಜರದಲ್ಲಿ ಇನ್ನೊಂದು ಹಕ್ಕಿಯನ್ನು ಕಂಡರೆ ಸಾಕು, ಮೈಯೆಲ್ಲ ಉಬ್ಬಿಸಿ ಚೆಂಡಿನ ಹಾಗೆ ಕೂರುತ್ತದೆ, ಬಾಯಿ ಬಿಡುವುದಿಲ್ಲ. ಇದು ಇಡೀ ಸೋಲೊಗೆ ಗೊತ್ತು. ಶನಿವಾರ ನಾರ್ಸೊ ಒಂದು ಹೊಸ ಸಾಲು ಬರೆದು ನನಗೆ ಕಳಿಸಿದ: ಹೆಸರು ವಿಬಿಸೋನೊ ಎಂದಿದ್ದರೆ ನಲವತ್ತು ಅಂಕ ಕೂಡಿಸು.

"ಏನೋ ಇದು?" ಎಂದೆ.

"ಒಂದು ದಿನದ ಮಟ್ಟಿಗೆ, ಮ್ಬಾಕ್ ರೆತ್ನೊ. ನಾಳೆ ಸಂಜೆ ತೆಗೀತೀನಿ." ಅಕ್ಕ ಎನ್ನುವ ಅರ್ಥದಲ್ಲಿ ನನ್ನನ್ನು ಅವನು ಮ್ಬಾಕ್ ಎಂದೇ ಕರೆಯುವುದು.

"ಅವರು ಕೇಳಿದ್ರಾ?"

"ದೊಡ್ಡೋರು. ಬಾಯ್ಬಿಟ್ಟು ಕೇಳೋ ಹಾಗೆ ಮಾಡೋದಕ್ಕಾಗತ್ತಾ?"

ನಾನು ಪರೀಕ್ಷಕಿ. ಒಂದು ಅಲ್ಪವಿರಾಮ ತಪ್ಪಿದರೆ ಅವನನ್ನು ಅರ್ಧ ದಿನ ನಿಲ್ಲಿಸಿ ಕೇಳಿದವಳು. ಆದರೆ ನಾನೂ ಅದೇ ಯಜಮಾನರ ಉಪ್ಪು ತಿಂದವಳು. ಸರಿ ಇದೆ ಎಂದು ನನ್ನ ಹೆಸರಿನಲ್ಲಿ ಗುರುತು ಹಾಕಿ ಊಟಕ್ಕೆ ಹೋದೆ.

ಭಾನುವಾರ ಪಂಗ್ಲಿಮಾ ನಮ್ಮ ನಂಬಿಕೆಗೆ ದ್ರೋಹ ಮಾಡಲಿಲ್ಲ. ಹತ್ತು ನಿಮಿಷ ಉಬ್ಬಿಕೊಂಡು ಕುಳಿತ. ಒಂದು ಕೀಚ್ ಎನ್ನಲಿಲ್ಲ. ಬತಿಕ್ ಬಟ್ಟೆ ವ್ಯಾಪಾರಿಯೊಬ್ಬರ ಹಕ್ಕಿ ಗಂಟಲು ಹರಿದುಕೊಂಡು ಹಾಡಿ ಮೂವತ್ತೆಂಟು ಅಂಕ ಗಳಿಸಿತು. ಪಂಗ್ಲಿಮಾನಿಗೆ ಸರಿಯಾಗಿ ನಲವತ್ತು. ಯಾರೂ ನಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಬಹುಮಾನ ತೆಗೆದುಕೊಳ್ಳುತ್ತ ವ್ಯಾಪಾರಿ ಬಗ್ಗಿ ವಂದಿಸಿ, "ಮೌನದಲ್ಲೂ ಒಂದು ರಾಗ ಇರತ್ತೆ, ಪಾಕ್," ಎಂದರು. ಯಜಮಾನರು ಗಂಭೀರವಾಗಿ ತಲೆದೂಗಿದರು. ಸೋಮವಾರ ನಾರ್ಸೊ ತಂಡದ ಮುಖ್ಯಸ್ಥನಾದ.

ಗುರುವಾರ ಮಧ್ಯಾಹ್ನ ಮೀಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಪೆನಾಂಗಿನವರ ಜೊತೆ ಮಾತಿಗೆ ಕುಳಿತ. ಮಾತು ತಡವರಿಸಿದರೆ ಇರಲಿ ಎಂದು ನನ್ನನ್ನೂ ಕರೆದ. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದ ಕುರ್ಚಿಯಲ್ಲಿದ್ದೆ. ಆಚೆ ಕಡೆ ಮಿಸ್ ಖೂ ಎಂಬ ನಡುವಯಸ್ಸಿನ ಹೆಂಗಸು.

"ಇಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ತುಂಬ ದಿನ ಆಗಿತ್ತು," ಎಂದರು. ನಾರ್ಸೊನ ಕಿವಿ ಕೆಂಪಾಯಿತು. "ಒಂದೇ ಒಂದು ಸಾಲು ಅರ್ಥ ಆಗ್ಲಿಲ್ಲ. ಶನಿವಾರ ಸೇರಿದೆ, ಭಾನುವಾರ ಸಂಜೆ ಹೋಗಿದೆ. ವಿಬಿಸೋನೊ ಅಂದ್ರೆ ಯಾವ ಜಾತಿ ಹಕ್ಕಿ?"

ಪ್ರೋಗ್ರಾಮು ಇಟ್ಟಿದ್ದ ಇಂಟರ್ನೆಟ್ಟಿನ ಜಾಗದಲ್ಲಿ ಬರೆದದ್ದನ್ನು ಅಳಿಸಿದರೂ ಬರೆದದ್ದರ, ಅಳಿಸಿದ್ದರ, ಸರಿ ಎಂದು ಗುರುತು ಹಾಕಿದವರ ದಾಖಲೆ ಉಳಿಯುತ್ತದೆ. ಇದು ಕಾಲೇಜಿನ ಮಕ್ಕಳಿಗೂ ಗೊತ್ತು. ಹನ್ನೊಂದು ವರ್ಷದ ಅನುಭವಿಗಳಾದ ನಾವಿಬ್ಬರೂ ಮರೆತಿದ್ದೆವು.

"ನಮ್ಮ ಯಜಮಾನರು," ಎಂದ ನಾರ್ಸೊ.

"ಓ." ಮಿಸ್ ಖೂ ಆ ಸಾಲನ್ನು ಮತ್ತೊಮ್ಮೆ ಓದಿಕೊಂಡರು. "ನಮ್ಮ ಲೆಕ್ಕ ನೋಡಿ ಒಂದು ಕಾಡನ್ನ ಉಳಿಸ್ಬೇಕೋ ಬೇಡ್ವೋ ಅಂತ ತೀರ್ಮಾನ ಆಗತ್ತೆ, ನಾರ್ಸೊ ಅವ್ರೇ. ಇದನ್ನ ರೆತ್ನೊ ಅನ್ನೋರು ನೋಡಿ ಸರಿ ಇದೆ ಅಂದಿದಾರಲ್ಲ, ಯಾಕೆ?"

ಇಬ್ಬರು ಒಪ್ಪಿ ಮಾಡಿದ್ದು ಎಂದಿದ್ದರೆ, ಮೇಲಿನವರ ಒತ್ತಡಕ್ಕೆ ಮಣಿದರು ಎಂದು ಆಕೆ ಬಿಟ್ಟುಬಿಡುತ್ತಿದ್ದರೋ ಏನೋ. ನಾರ್ಸೊ ನನ್ನ ಕಡೆ ತಿರುಗಲಿಲ್ಲ.

"ಅವರಿಗೆ ಇದು ಗೊತ್ತೇ ಇಲ್ಲ," ಎಂದ. "ಅವರ ಹೆಸರಲ್ಲಿ ನಾನೇ ಗುರುತು ಹಾಕ್ಕೊಂಡೆ."

ಸುಳ್ಳು ಸಹಿ ಮಾಡಿದೆ ಎಂದು ಒಪ್ಪಿಕೊಂಡವನನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಅದು ಅವನಿಗೂ ಗೊತ್ತಿತ್ತು. ನಾನು ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಸಾಕಿತ್ತು, ಕ್ಯಾಮೆರಾಕ್ಕೆ ಕಾಣುತ್ತಿದ್ದೆ. ನನ್ನ ಚಪ್ಪಲಿಯನ್ನು ನೋಡುತ್ತ ಕುಳಿತೆ. ಮಿಸ್ ಖೂ ಬಹಳ ಮರ್ಯಾದೆಯಿಂದ ವಂದನೆ ಹೇಳಿ ಮಾತು ಮುಗಿಸಿದರು.

"ಯಾಕೋ ಹಾಗಂದೆ?" ಎಂದು ಆಮೇಲೆ ಕೇಳಿದೆ.

"ನಿಮ್ಮ ಹೆಸರು ಕೆಡಬಾರ್ದು, ಮ್ಬಾಕ್. ನಿಮಗಿರೋದು ಅದೊಂದೇ. ನಾನು ಬೇಕಾದ್ರೆ ಇನ್ನೊಂದು ಏನಾದ್ರೂ ಬರ್ಕೋತೀನಿ."

ಮೂರು ವರ್ಷವಾಯಿತು, ಅವನು ಇನ್ನೊಂದನ್ನು ಬರೆದಿಲ್ಲ. ಆರು ಜನರ ಮುಖ್ಯಸ್ಥನಾಗಿ ಸರದಿ ಚೀಟಿಯ ಮೇಲ್ವಿಚಾರಣೆ ಮಾಡುತ್ತಿದ್ದಾನೆ. ನಾನು ದಿನವೂ ಅವನ ತಪ್ಪುಗಳ ಪಟ್ಟಿ ಮಾಡಿ ಕೊಡುತ್ತೇನೆ, ಅವನು ತಲೆ ತಗ್ಗಿಸಿ ತಿದ್ದುತ್ತಾನೆ. ಮಿಸ್ ಖೂ ಅವರ ವಿಳಾಸ ನನ್ನ ಹತ್ತಿರ ಇದೆ. ಗುರುತು ಹಾಕಿದವಳು ನಾನೇ ಎಂದು ಬರೆಯಲು ಎರಡು ಸಾಲು ಸಾಕು, ಇವತ್ತಿನವರೆಗೂ ಬರೆದಿಲ್ಲ.